ಮುಯ್ಯಿಗೆ ಬಂದ ಇಂಗ್ಲಿಷು

ನಾನು ಇಂಗ್ಲಿಷ್ ಮೇಷ್ಟ್ರು. ಹೀಗೆಂದು ಹೇಳಿದ ಕೂಡಲೇ ಎದುರಿಗಿದ್ದವರು ಒಂದು ಕ್ಷಣ ಗಂಭೀರರಾಗುತ್ತಾರೆ, ಆಮೇಲೆ ಕನ್ನಡದಲ್ಲೇ ಮಾತು ಮುಂದುವರಿಸುತ್ತಾರೆ. ಅವರ ಈ ಉಪಕಾರವನ್ನು ನಾನು ಮರೆಯುವವನಲ್ಲ. ಸೋಲೂರು ಹೋಬಳಿಯ ಸರ್ಕಾರಿ ಹೈಸ್ಕೂಲಿನಲ್ಲಿ ಬಹಳ ವರ್ಷಗಳಿಂದ ಇಂಗ್ಲಿಷ್ ಪಾಠ ಹೇಳುತ್ತಿದ್ದೇನೆ. ಹೇಳುವುದೆಲ್ಲ ಕನ್ನಡದಲ್ಲೇ. ಮಕ್ಕಳೂ ಕನ್ನಡದಲ್ಲೇ ಕೇಳಿಸಿಕೊಂಡು, ಪರೀಕ್ಷೆಯಲ್ಲಿ ಇಂಗ್ಲಿಷಿನಂತೆ ಕಾಣುವ ಏನನ್ನೋ ಬರೆದು ಪಾಸಾಗಿ ಹೋಗಿದ್ದಾರೆ. ನಾವು ಯಾರಿಗೂ ಕೇಡು ಮಾಡಿಲ್ಲ.

ನಮ್ಮ ಕಡೆ ಮಕ್ಕಳು ಕಲಿಯುವ ಮೊದಲ ಇಂಗ್ಲಿಷು ಯಾವುದು ಗೊತ್ತೆ? ‘ಗೆಟೌಟ್’. ಇದನ್ನು ಯಾರೂ ಬೋರ್ಡಿನ ಮೇಲೆ ಬರೆದು ಕಲಿಸುವುದಿಲ್ಲ. ಬಾಗಿಲ ಕಡೆ ಬೆರಳು ತೋರಿಸಿ ಒಂದೇ ಸಲ ಕಲಿಸುತ್ತಾರೆ, ಜನ್ಮಪೂರ್ತಿ ಮರೆಯುವುದಿಲ್ಲ. ನನಗೂ ಹಾಗೇ ಬಂತು. ಅದು ಒಂದೇ ಪದ ಅಂದುಕೊಂಡಿದ್ದೆ. ಗೆಟ್ ಬೇರೆ, ಔಟ್ ಬೇರೆ, ಗೆಟ್ಟಿಗೆ ಈ ಔಟ್ ಅಲ್ಲದೆ ಇನ್ನೂ ಬೇಕಾದಷ್ಟು ಬಾಲಗಳಿವೆ ಎಂದು ತಿಳಿಯುವ ಹೊತ್ತಿಗೆ ನಾನೇ ಮೇಷ್ಟ್ರಾಗಿ ಇನ್ನೊಬ್ಬರಿಗೆ ಗೆಟೌಟ್ ಅನ್ನುತ್ತಿದ್ದೆ.

ನಾನು ಓದಿದ ವ್ಯಾಕರಣ ಪುಸ್ತಕದಲ್ಲಿ ಈ ಬಾಲದ ಕ್ರಿಯಾಪದಗಳು ಕೊನೆಯ ಪುಟಗಳಲ್ಲಿದ್ದವು. ಕೊನೆಯ ಪುಟಗಳವರೆಗೆ ಯಾವ ಮೇಷ್ಟ್ರೂ ಹೋಗುತ್ತಿರಲಿಲ್ಲ, ಅಷ್ಟರಲ್ಲಿ ಮಾರ್ಚ್ ತಿಂಗಳು ಬಂದುಬಿಡುತ್ತಿತ್ತು. ಹಾಗಾಗಿ ನನಗೆ ‘ಟಾಲರೇಟ್’ ಗೊತ್ತಿತ್ತು, ‘ಎಸ್ಕೇಪ್’ ಗೊತ್ತಿತ್ತು, ‘ರಿಕವರ್’ ಗೊತ್ತಿತ್ತು. ಇಷ್ಟು ದೊಡ್ಡ ದೊಡ್ಡ ಪದಗಳನ್ನು ಇಂಗ್ಲಿಷರು ಮನೆಯಲ್ಲಿ ಆಡುವುದೇ ಇಲ್ಲ, ಇವೆಲ್ಲಕ್ಕೂ ಅವರು ಗೆಟ್, ಪುಟ್, ಟೇಕ್ ಎಂಬ ಮೂರು ಪುಟಾಣಿಗಳನ್ನೇ ದುಡಿಸಿಕೊಳ್ಳುತ್ತಾರೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಒಮ್ಮೆ ರಾಮನಗರದಲ್ಲಿ ಮೇಷ್ಟ್ರುಗಳ ತರಬೇತಿ ಇತ್ತು. ಮೊದಲ ದಿನ ಬೆಳಿಗ್ಗೆ ತರಬೇತಿದಾರರು ನನ್ನನ್ನು ನೋಡಿ, ನಿನ್ನೆ ನಿಮ್ಮ ವಿಷಯದಲ್ಲಿ ನಾನು ‘ಗೆಟ್ ಥ್ರೂ’ ಆಗಲಿಲ್ಲ ಎಂಬ ಅರ್ಥದ ಮಾತು ಇಂಗ್ಲಿಷಿನಲ್ಲಿ ಹೇಳಿದರು. ನಮ್ಮಲ್ಲಿ ಗೆಟ್ ಥ್ರೂ ಅಂದರೆ ಪರೀಕ್ಷೆ ಪಾಸಾಗುವುದು. ಪಾಪ, ಈ ವಯಸ್ಸಿನಲ್ಲಿ ಏನು ಪರೀಕ್ಷೆ ಕಟ್ಟಿದ್ದರೋ ಎಂದು ಮರುಗಿ, ‘ಪರವಾಗಿಲ್ಲ ಸಾರ್, ಸಪ್ಲಿಮೆಂಟರಿ ಇದೆಯಲ್ಲ’ ಎಂದು ಸಮಾಧಾನ ಹೇಳಿದೆ. ಅವರು ಹೇಳಿದ್ದು ನನ್ನ ಫೋನು ಸಿಗಲಿಲ್ಲ ಅಂತ. ಆ ತರಬೇತಿಯಲ್ಲಿ ಅವರು ನನ್ನನ್ನು ಮತ್ತೆ ಮಾತಾಡಿಸಲಿಲ್ಲ.

ಅವತ್ತಿನಿಂದ ಗೆಟ್ಟಿನ ಮೇಲೆ ನನಗೆ ಒಂದು ಥರ ಗೌರವ ಬಂತು. ಮೂರಕ್ಷರದ ಪದ ನೋಡಿ. ಹಾಸಿಗೆಯಿಂದ ಏಳಿಸುತ್ತದೆ, ಬಸ್ಸು ಹತ್ತಿಸುತ್ತದೆ, ಇಳಿಸುತ್ತದೆ, ಹೊಂದಿಕೊಂಡು ಬಾಳಿಸುತ್ತದೆ, ತಪ್ಪಿಸಿಕೊಂಡು ಓಡಿಸುತ್ತದೆ, ಹೇಗೋ ಹೊಟ್ಟೆ ಹೊರೆಸುತ್ತದೆ, ದುಃಖ ಮರೆಸುತ್ತದೆ. ಹಿಂದೆ ಅಂಟಿಕೊಳ್ಳುವ ಬಾಲ ಒಂದು ಬದಲಾದರೆ ಸಾಕು. ನಮ್ಮ ಕನ್ನಡದಲ್ಲೂ ಇಂಥ ದುಡಿಮೆಗಾರ ಪದಗಳಿಗೆ ಬರವಿಲ್ಲ. ‘ಹೊಡೆ’ ಅನ್ನುವುದನ್ನೇ ತೆಗೆದುಕೊಳ್ಳಿ. ನಾವು ನಿದ್ದೆ ಹೊಡೆಯುತ್ತೇವೆ, ಗೊರಕೆ ಹೊಡೆಯುತ್ತೇವೆ, ಹರಟೆ ಹೊಡೆಯುತ್ತೇವೆ, ಗೋಡೆಗೆ ಸುಣ್ಣ ಹೊಡೆಯುತ್ತೇವೆ, ಬಾವಿಯಲ್ಲಿ ಈಜು ಹೊಡೆಯುತ್ತೇವೆ, ಗಾಡಿ ಹೊಡೆಯುತ್ತೇವೆ, ವಯಸ್ಸಿದ್ದಾಗ ಕಣ್ಣನ್ನೂ ಹೊಡೆಯುತ್ತೇವೆ. ಇಷ್ಟೆಲ್ಲ ಹೊಡೆದರೂ ಒಬ್ಬರಿಗೂ ಏಟು ಬಿದ್ದಿರುವುದಿಲ್ಲ. ಇದನ್ನು ಕಲಿಯಲು ಹೊರಟ ಇಂಗ್ಲಿಷಿನವನ ಪಾಡು ನೆನೆಸಿಕೊಂಡರೆ ನನ್ನ ಗೆಟ್ ಥ್ರೂ ಅವಮಾನ ಅರ್ಧ ಇಳಿಯುತ್ತದೆ.

ಇಷ್ಟು ಪೀಠಿಕೆ ಹಾಕಿದ್ದು ನನ್ನ ಪಾಂಡಿತ್ಯ ತೋರಿಸಲಿಕ್ಕಲ್ಲ. ನಮ್ಮ ಸುಜಾತಳ ವಿಷಯ ಹೇಳಬೇಕಿತ್ತು.

ಸುಜಾತ ನನ್ನ ಹೆಂಡತಿ ಸರೋಜಳ ತಂಗಿ. ಅಕ್ಕನ ಹಿಂದೆಯೇ ನಮ್ಮೂರಿಗೆ ಸೊಸೆಯಾಗಿ ಬಂದವಳು. ಬಿಡದಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸ. ಕಾರಿನ ಹೊಟ್ಟೆಯೊಳಗೆ ಓಡಾಡುವ ವೈರುಗಳನ್ನು ಜಡೆ ಹೆಣೆದ ಹಾಗೆ ಜೋಡಿಸಿ ಟೇಪು ಸುತ್ತಿ ಕೊಡುವ ಕೆಲಸ. ಉದ್ದಕ್ಕೆ ಮೇಜುಗಳು, ಮೇಜಿಗೊಬ್ಬರಂತೆ ಹೆಣ್ಣುಮಕ್ಕಳು. ಅದಕ್ಕೆ ಲೈನು ಅನ್ನುತ್ತಾರೆ. ಲೈನನ್ನು ನೋಡಿಕೊಳ್ಳುವವಳು ಲೈನ್ ಲೀಡರು. ಸುಜಾತ ಮದುವೆಯಾದ ಮರುವರ್ಷ ಆ ಮೇಜಿನ ಮುಂದೆ ನಿಂತವಳು ಈಗಲೂ ಅಲ್ಲೇ ನಿಂತಿದ್ದಾಳೆ. ಅವಳ ಕೈಯಲ್ಲಿ ಕೆಲಸ ಕಲಿತ ಹುಡುಗಿಯರು ಒಬ್ಬೊಬ್ಬರೇ ಲೀಡರಾಗಿ ಅವಳ ಹಿಂದೆ ಬಂದು ನಿಲ್ಲುತ್ತಿದ್ದಾರೆ.

ಒಂದು ಭಾನುವಾರ ನಮ್ಮ ಮನೆಗೆ ಬಂದವಳು ಕಾಫಿ ಲೋಟ ಕೈಗೆ ತೆಗೆದುಕೊಳ್ಳುವ ಮೊದಲೇ ಶುರು ಮಾಡಿದಳು.

‘ಭಾವ, ನಾನು ಟೇಪು ಸುತ್ತೋದ ಹೇಳ್ಕೊಟ್ಟ ಹುಡ್ಗಿ ಕಣಿ ಈಗ್ನ ನಮ್ ಲೀಡ್ರು. ನಿನ್ನೆ ಒಸಿ ನೀರು ಕುಡ್ಯಕೆ ಹೋದ್ರೆ, ಗೆಟ್ ಬ್ಯಾಕ್ ಟು ವರ್ಕ್ ಅಂತಾಳೆ. ನಂಗೆ ಬೈದ್ಳೋ, ಕರುದ್ಳೋ, ಅದೂ ಗೊತ್ತಾಗ್ನಿಲ್ಲ. ನಗಾಡ್ಕಂಡು ಬಂದ್ಬುಟ್ಟೆ. ಬಸ್ಸಲ್ಲಿ ಕೂತ್ಮೇಲೆ ಅಳು ಬಂತು.’

ಲೈನಿನಲ್ಲಿ ಒಂದು ಲೀಡರ್ ಜಾಗ ಖಾಲಿಯಾಗುವುದಿತ್ತು. ಈ ಸಲವೂ ಒಳಗಿನವರನ್ನೇ ತೆಗೆದುಕೊಳ್ಳುತ್ತಾರಂತೆ. ಕೆಲಸ ನೋಡುತ್ತಾರೆ, ಆಮೇಲೆ ಇಂಗ್ಲಿಷಿನಲ್ಲಿ ಗ್ರೂಪ್ ಡಿಸ್ಕಷನ್ ಮಾಡಿಸುತ್ತಾರೆ. ‘ಕೆಲಸಕ್ಕೆ ನಾನು ಎದುರ್ಕಳಾಕಿಲ್ಲ. ಆ ಗೆಟ್ಟು ಗಿಟ್ಟು ಎಲ್ಲ ನಂಗೆ ಯೋಳ್ಕೊಡಿ’ ಎಂದಳು. ಮಾತಿನಲ್ಲಿ ಬೇಡಿಕೆಗಿಂತ ಆಜ್ಞೆಯೇ ಹೆಚ್ಚಿತ್ತು. ಇಷ್ಟು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ತಾನಾಗಿ ಬಂದು ನನ್ನನ್ನು ಇಂಗ್ಲಿಷ್ ಕೇಳಿರಲಿಲ್ಲ.

ನಾನು ಶಾಸ್ತ್ರೋಕ್ತವಾಗಿ ಶುರು ಮಾಡಿದೆ. ಕ್ರಿಯಾಪದ ಎಂದರೇನು, ಉಪಸರ್ಗ ಎಂದರೇನು ಎಂದು ಅರ್ಧ ಗಂಟೆ ಕೊರೆದೆ. ಅವಳು ಆಕಳಿಸಿದಳು. ‘ಭಾವ, ಹಸು ಕರೆಯೋಕೆ ಅದ್ರ ಜಾತಕ ಯಾಕೆ ಬೇಕು? ಒಂದು ದಿನಕ್ಕೆ ಒಂದು ಗೆಟ್ಟು ಕೊಡಿ, ಅದ್ರಲ್ಲಿ ನಾಕು ಮಾತು ಕೊಡಿ, ಸಾಕು’ ಎಂದಳು. ಹಾಗಾಗಿ ದಿನಕ್ಕೊಂದು ಗೆಟ್ಟು ಎಂದಾಯಿತು. ಬೆಳಿಗ್ಗೆ ಕಾರ್ಖಾನೆ ಬಸ್ಸಿಗೆ ಹೋಗುವ ದಾರಿಯಲ್ಲಿ ನಮ್ಮ ಜಗಲಿಯ ಮುಂದೆ ನಿಂತು, ನಾನು ಹಲ್ಲುಜ್ಜುತ್ತಿರಲಿ ಬಿಡಲಿ, ಆ ದಿನದ ಗೆಟ್ಟನ್ನು ವಸೂಲು ಮಾಡಿಕೊಂಡು ಹೋಗುತ್ತಿದ್ದಳು. ಬಾಯಿ ತುಂಬ ಪೇಸ್ಟು ಇಟ್ಟುಕೊಂಡು ‘ಗೆಟ್ ಅಲಾಂಗ್’ ಹೇಳಿಕೊಡುವುದು ಸುಲಭವಲ್ಲ.

ಒಂದು ವಾರ ಕಳೆದ ಮೇಲೆ ತಿಳಿಯಿತು, ನನ್ನ ಗೆಟ್ಟುಗಳು ಸುಜಾತಳಲ್ಲಿ ನಿಲ್ಲುತ್ತಿಲ್ಲ ಅಂತ. ಅವಳು ಅವನ್ನು ಬಸ್ಸಿನಲ್ಲಿ ಪಕ್ಕದ ಸೀಟಿನ ರತ್ನಳಿಗೆ ದಾಟಿಸುತ್ತಿದ್ದಳು. ರತ್ನ ನಮ್ಮೂರ ಪಕ್ಕದ ಸಣ್ಣ ಹಳ್ಳಿಯವಳು. ಕುರಿ ಸಾಕುವ ಮನೆ, ಜೊತೆಗೆ ಒಂದಿಷ್ಟು ರಾಗಿ ಹೊಲ. ಅದೇ ಕಾರ್ಖಾನೆ, ಅದೇ ಲೈನು, ಸುಜಾತಳ ಪಕ್ಕದ ಮೇಜು. ರತ್ನ ಮೊಬೈಲಿನ ವೀಡಿಯೊ ನೋಡಿ ಸಂಜೆ ಬರುವಾಗ ತನ್ನದೊಂದು ಗೆಟ್ಟನ್ನು ಸುಜಾತಳಿಗೆ ಕೊಡುತ್ತಿದ್ದಳು. ಬೆಳಿಗ್ಗೆ ಒಂದು ಹೋಯಿತು, ಸಂಜೆ ಒಂದು ಬಂತು. ಲೀಡರ್ ಜಾಗಕ್ಕೆ ರತ್ನಳೂ ಹೆಸರು ಕೊಟ್ಟಿದ್ದಳು. ಇರುವುದು ಒಂದೇ ಜಾಗ.

ಇದು ತಿಳಿದ ದಿನ ಸರೋಜ ಒಲೆಯ ಮೇಲಿನ ಹಾಲು ಉಕ್ಕಿದ್ದನ್ನೂ ನೋಡಲಿಲ್ಲ.

‘ನಿಂಗೇನು ಬುದ್ಧಿಗಿದ್ಧಿ ಐತಾ? ತನ್ಗೆ ಮೀರಿ ಧರ್ಮ ಉಂಟಾ? ನಾಕು ಪದ ಕೊಟ್ರೆ ಒಂದಾದ್ರೂ ಬಚ್ಚಿಟ್ಕೊ!’

‘ಅದೆಂಗಾಯ್ತದಕ್ಕ? ಮುಯ್ಯಿ ಅಲ್ವಾ?’ ಎಂದಳು ಸುಜಾತ, ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎನ್ನುವ ಹಾಗೆ. ‘ಅವ್ಳು ಸಂಜೆ ಕೊಡೋದ ನಾನು ತಗಂಡಿಲ್ವಾ?’

ಮುಯ್ಯಿ ಅಂದರೆ ಪೇಟೆಯವರಿಗೆ ಮದುವೆಯಲ್ಲಿ ಕವರಿನಲ್ಲಿಡುವ ಉಡುಗೊರೆ. ನಮ್ಮ ಹೊಲಗಳಲ್ಲಿ ಇನ್ನೊಂದು ಮುಯ್ಯಿ ಇದೆ. ಇವತ್ತು ನೀನು ನನ್ನ ಹೊಲಕ್ಕೆ ಕೆಲಸಕ್ಕೆ ಬಾ, ನಾಳೆ ನಾನು ನಿನ್ನ ಹೊಲಕ್ಕೆ ಬರುತ್ತೇನೆ. ಕೂಲಿ ಇಲ್ಲ. ಬಂದವಳು ಮುಯ್ಯಾಳು. ಒಂದು ದಿನ ಪಡೆದುಕೊಂಡರೆ ಒಂದು ದಿನ ಹಿಂದಿರುಗಿಸಲೇಬೇಕು. ಜ್ವರ ಬಂದರೆ ಮನೆಯಿಂದ ಇನ್ನೊಬ್ಬರನ್ನು ಕಳಿಸಬೇಕು. ಇದು ಎಲ್ಲೂ ಬರೆದಿಟ್ಟದ್ದಲ್ಲ, ಆದರೆ ತಪ್ಪಿದವರ ಹೊಲಕ್ಕೆ ಮುಂದಿನ ವರ್ಷ ಯಾರೂ ಇಳಿಯುವುದಿಲ್ಲ. ಇಂಗ್ಲಿಷಿಗೂ ಮುಯ್ಯಾಳು ಹಿಡಿಯಬಹುದೆಂದು ಮಾತ್ರ ನನಗೆ ಆವರೆಗೆ ಹೊಳೆದಿರಲಿಲ್ಲ. ನಮ್ಮ ಶಿಕ್ಷಣ ಇಲಾಖೆಗೂ ಹೊಳೆದ ಹಾಗಿಲ್ಲ.

ರತ್ನ ಕಲಿಯುವ ರೀತಿಯೇ ಬೇರೆ. ಸುಜಾತಳದು ಬಾಯಿಪಾಠ, ಸ್ನಾನದ ಮನೆಯಿಂದಲೂ ಕೇಳುತ್ತಿತ್ತು. ರತ್ನಳಿಗೆ ಎದುರಿಗೆ ಯಾರಾದರೂ ಇರಬೇಕು. ಗಂಡ ಸಿಕ್ಕುತ್ತಿರಲಿಲ್ಲ, ಕುರಿ ಸಿಕ್ಕುತ್ತಿದ್ದವು. ಸಂಜೆ ಮಂದೆ ಮನೆಗೆ ಬಂದಾಗ ದೊಡ್ಡಿಯ ಬಾಗಿಲಲ್ಲಿ ನಿಂತು ‘ಗೆಟ್ ಇನ್, ಗೆಟ್ ಇನ್’ ಎಂದು ಒಳಕ್ಕೆ ಕೂಡುತ್ತಿದ್ದಳು. ಹುಲ್ಲಿನ ಮೆದೆ ಹತ್ತಿದ ಮರಿಗೆ ‘ಗೆಟ್ ಡೌನ್’. ಇನ್ನೊಂದರ ಮೇವಿಗೆ ಬಾಯಿ ಹಾಕಿದ್ದಕ್ಕೆ ‘ಗೆಟ್ ಅವೇ’. ಹಾಯ್ದಾಡುವ ಎರಡು ಟಗರುಗಳಿಗೆ ‘ಗೆಟ್ ಅಲಾಂಗ್’ ಎಂದು ಬುದ್ಧಿವಾದ. ಒಂದು ದಿನ ನಾನು ಆ ಕಡೆ ಹೋಗಿದ್ದಾಗ ಅವಳ ಮಾವ ಕಂಬಳಿ ಹೊದ್ದು ಕಟ್ಟೆಯ ಮೇಲೆ ಕೂತಿದ್ದರು.

‘ನೋಡಿ ಮೇಷ್ಟ್ರೇ, ಹಿಂಗೆ ಇಂಗ್ಲೀಸು ಕಲ್ಸುದ್ರೆ ನಾಳೆ ಇವು ದೊಡ್ಡಿಲಿ ಮಲಗಾಕಿಲ್ಲ ಅಂತವೆ. ರೂಮು ಮಾಡ್ಕೊಡು ಅಂತವೆ’ ಎಂದರು. ಆದರೆ ಅವರ ಮುಖದಲ್ಲಿ ಹೆಮ್ಮೆ ಇತ್ತು. ಹೋಬಳಿಯಲ್ಲಿ ಇನ್ನಾರ ಕುರಿಗಳಿಗೂ ಅಷ್ಟು ಗೆಟ್ಟುಗಳು ಬರುತ್ತಿರಲಿಲ್ಲ. ನನ್ನ ಎಂಟನೇ ಕ್ಲಾಸಿಗಂತೂ ಖಂಡಿತ ಬರುತ್ತಿರಲಿಲ್ಲ.

ಶ್ರಾವಣ ಮುಗಿಯುತ್ತಾ ಬಂದಾಗ ಸುಜಾತಳ ಹೊಲದಲ್ಲಿ ರಾಗಿ ಕಳೆ ಕೀಳುವುದಿತ್ತು. ಭಾನುವಾರ ಕಾರ್ಖಾನೆಗೆ ರಜಾ. ರತ್ನ ಮುಯ್ಯಿಗೆ ಬಂದಳು, ಊರಿನ ಇನ್ನೂ ಮೂವರು ಹೆಂಗಸರು ಬಂದರು. ಒಬ್ಬಳು ಬರುತ್ತೇನೆಂದು ಹೇಳಿ ಬಾರದಿದ್ದ ಕಾರಣ ಅವಳ ಜಾಗಕ್ಕೆ ಇಂಗ್ಲಿಷ್ ಮೇಷ್ಟ್ರನ್ನು ಹಚ್ಚಿದರು. ನಾನು ಒಕ್ಕಲು ಮನೆಯಲ್ಲೇ ಹುಟ್ಟಿದವನು, ಆದರೆ ಬಿ.ಎ. ಸೇರಿದ ದಿನದಿಂದ ಸೊಂಟ ಬಗ್ಗಿಸಿದವನಲ್ಲ. ಎಲ್ಲರೂ ಹೊಲದ ಒಂದು ಅಂಚಿನಲ್ಲಿ ಸಾಲಾಗಿ ಕೂತು, ತಮ್ಮ ತಮ್ಮ ಪಾಲಿನ ಸಾಲು ಹಿಡಿದು, ಕಳೆ ಕೀಳುತ್ತಾ ಎದುರಿನ ಬದುವಿನ ಕಡೆಗೆ ಕುಕ್ಕರುಗಾಲಲ್ಲೇ ಸಾಗಬೇಕು. ಸ್ವಲ್ಪ ಹೊತ್ತಿನಲ್ಲೇ ಐದು ಹೆಂಗಸರೂ ಮುಂದೆ ಹೋದರು. ನಾನು ರಾಗಿ ಪೈರು ಯಾವುದು, ಕಳೆ ಯಾವುದು ಎಂಬ ಮೂಲಭೂತ ಪ್ರಶ್ನೆಯಲ್ಲೇ ಇದ್ದೆ.

ಆಗ ಒಂದು ಸಂಗತಿ ನಡೆಯಿತು. ಯಾರೂ ಏನೂ ಹೇಳಲಿಲ್ಲ, ಹಿಂದೆ ತಿರುಗಿ ನೋಡಿದ ಹಾಗೂ ಕಾಣಲಿಲ್ಲ. ನನ್ನ ಎಡಗಡೆಯಿದ್ದ ಸುಜಾತ ತನ್ನ ಸಾಲು ಕೀಳುತ್ತಲೇ ಬಲಗೈ ಚಾಚಿ ನನ್ನ ಸಾಲಿನ ಮುಂದಿನ ಕಳೆಯನ್ನೂ ಕೀಳತೊಡಗಿದಳು. ಬಲಗಡೆಯಿದ್ದ ರತ್ನ ಎಡಗೈ ಚಾಚಿದಳು. ನಾನು ತೆವಳಿಕೊಂಡು ಹೋಗುವಷ್ಟರಲ್ಲಿ ನನ್ನ ಸಾಲು ಮುಕ್ಕಾಲು ಪಾಲು ಶುಭ್ರವಾಗಿತ್ತು. ಬರೀ ಮುಂದೆ ಸರಿದುಕೊಂಡು ಹೋಗಿ ಅವರ ಜೊತೆಗೇ ಬದು ಮುಟ್ಟಿದೆ, ದೊಡ್ಡ ಕೆಲಸಗಾರನ ಹಾಗೆ ಬೆನ್ನು ನೀವಿಕೊಂಡೆ. ಕಳೆ ಕೀಳುವಲ್ಲಿ ಇದೇ ರಿವಾಜು. ಎಲ್ಲರೂ ಒಟ್ಟಿಗೇ ಬದು ಮುಟ್ಟಬೇಕು. ಒಬ್ಬಳು ಹಿಂದೆ ಬಿದ್ದರೆ ಅಕ್ಕಪಕ್ಕದವರು ಅವಳ ಸಾಲಿಗೆ ಕೈ ಹಾಕುತ್ತಾರೆ. ಮುಂದೆ ಓಡಿ ತಾನೊಬ್ಬಳೇ ಬದುವಿನ ಮೇಲೆ ಹೋಗಿ ಕೂರುವವಳನ್ನು ಯಾರೂ ಗಟ್ಟಿಗಿತ್ತಿ ಅನ್ನುವುದಿಲ್ಲ, ಗಯ್ಯಾಳಿ ಅನ್ನುತ್ತಾರೆ. ಕೀಳುತ್ತಾ ಕೀಳುತ್ತಾ ಅವರಿಬ್ಬರೂ ನನ್ನ ತಲೆಯ ಮೇಲಿಂದ ಗೆಟ್ ಓವರ್, ಗೆಟ್ ಬೈ ಎಂದು ಒಬ್ಬರಿಗೊಬ್ಬರು ಪಾಠ ಒಪ್ಪಿಸುತ್ತಿದ್ದರು.

ಡಿಸ್ಕಷನ್ ಮುಂದಿನ ವಾರವೇ ಬಂತು. ಅವತ್ತು ಸಂಜೆ ನಾನು ಸ್ಕೂಲಿನಿಂದ ಬಂದವನು ಕಾರ್ಖಾನೆ ಬಸ್ಸು ನಿಲ್ಲುವ ಜಾಗದಲ್ಲೇ ಕಾದಿದ್ದೆ. ಸರೋಜಳೂ ಬಂದಿದ್ದಳು, ತರಕಾರಿ ತರುವ ನೆವ ಮಾಡಿಕೊಂಡು. ಇಬ್ಬರೂ ಗೆಳತಿಯರು ನಗುತ್ತಾ ಇಳಿದರು. ಅಲ್ಲೇ ನಿಂತು ನಡೆದದ್ದೆಲ್ಲ ಹೇಳಿದರು. ಒಬ್ಬಳ ಮಾತು ಮುಗಿಯುವ ಮೊದಲೇ ಇನ್ನೊಬ್ಬಳು ಹಿಡಿದುಕೊಳ್ಳುತ್ತಿದ್ದಳು.

ದೊಡ್ಡ ಮೇಜಿನ ಸುತ್ತ ಆರು ಜನರನ್ನು ಕೂರಿಸಿದ್ದರಂತೆ. ಮೇಲಿನ ಆಫೀಸಿನವರು ಇಬ್ಬರು ಗೋಡೆ ಪಕ್ಕ ಕೂತಿದ್ದರು. ಕೆಲಸ ಹಿಂದೆ ಬಿದ್ದಾಗ ಲೀಡರ್ ಏನು ಮಾಡಬೇಕು ಅಂತ ವಿಷಯ ಕೊಟ್ಟರು. ಇಂಥ ಚರ್ಚೆಯಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ಕಿತ್ತುಕೊಂಡು ಮೇಲೆ ಬೀಳಬೇಕು, ಆಗಲೇ ನಂಬರು. ನಾನೂ ಸುಜಾತಳಿಗೆ ಹಾಗೇ ಹೇಳಿ ಕಳಿಸಿದ್ದೆ. ಮೊದಲು ಬಾಯಿ ತೆಗೆದವಳು ರತ್ನ. ‘ವೆನ್ ವರ್ಕ್ ಈಸ್ ಲೇಟ್, ಲೀಡರ್ ಶುಡ್ ನಾಟ್ ಗೆಟ್...’ ಅಂದವಳಿಗೆ ಮುಂದಿನ ಬಾಲ ಮರೆತುಹೋಯಿತು. ಎದುರಿಗೆ ಕುರಿಗಳಿಲ್ಲದ್ದೇ ತೊಂದರೆಯಾಗಿರಬೇಕು.

‘ಅವಳ ಮೊಕ ನೋಡ್ದೆ ಭಾವ’ ಎಂದಳು ಸುಜಾತ. ‘ಬೆವ್ತೋಗಿದ್ಳು. ನಂಗೇ ಗೊತ್ತಾಗ್ನಿಲ್ಲ, ಗೆಟ್ ಅವೇ ಅಂದ್ಬುಟ್ಟೆ.’

ರತ್ನ ಅದನ್ನು ಹಿಡಿದುಕೊಂಡು, ಲೀಡರು ತಪ್ಪಿಸಿಕೊಂಡು ಹೋಗಬಾರದು ಎಂಬ ಮಾತನ್ನು ಪೂರ್ತಿ ಮಾಡಿದಳು. ಆಮೇಲೆ ಕನಕಪುರದ ಕಡೆ ದೊಡ್ಡಆಲಹಳ್ಳಿಯಿಂದ ಬರುವ ಒಬ್ಬ ಹುಡುಗಿ ನಡುವೆ ನಿಂತುಬಿಟ್ಟಳು, ಅವಳಿಗೆ ರತ್ನ ಒಂದು ಗೆಟ್ಟು ಕೊಟ್ಟಳು. ಮತ್ತೊಮ್ಮೆ ರತ್ನ ತಡವರಿಸಿದಳು, ಸುಜಾತ ಕೊಟ್ಟಳು. ಸುಜಾತಳಿಗೆ ಒಂದು ಕಡೆ ಪದ ಸಿಗಲಿಲ್ಲ, ರತ್ನ ಕೊಟ್ಟಳು. ಕೊನೆಗೆ ಆಫೀಸಿನವರಲ್ಲಿ ಒಬ್ಬರು ಚರ್ಚೆ ನಿಲ್ಲಿಸಿ, ‘ನೀವು ಒಬ್ಬರಿಗೊಬ್ಬರು ಎದುರಾಳಿಗಳು. ಯಾಕೆ ಹೀಗೆ ಸಹಾಯ ಮಾಡುತ್ತಿದ್ದೀರಿ?’ ಎಂದು ಕೇಳಿದರಂತೆ.

‘ನೀನೇನಂದೆ?’ ಎಂದು ಸರೋಜ ಕೇಳಿದಳು.

‘ಸರ್, ಲೈನ್ ಈಸ್ ಒನ್. ಒನ್ ಪರ್ಸನ್ ಬಿಹೈಂಡ್, ಲೈನ್ ಬಿಹೈಂಡ್. ಅಂದೆ ಕಣಕ್ಕ. ಗೆಟ್ಟು ಹಾಕಾಕೆ ಜಾಗ ಸಿಗ್ನಿಲ್ಲ.’

ನನ್ನ ಇಡೀ ಮೇಷ್ಟ್ರಗಿರಿಯಲ್ಲಿ ಅದಕ್ಕಿಂತ ಒಳ್ಳೆಯ ಇಂಗ್ಲಿಷ್ ವಾಕ್ಯ ನಾನು ಕೇಳಿಲ್ಲ. ವ್ಯಾಕರಣಕ್ಕೆ ನಂಬರು ಕೊಡುವುದಾದರೆ ಒಂದೆರಡು ಕಳೆಯಬೇಕಾದೀತು, ಕಳೆಯಲು ನನಗೆ ಮನಸ್ಸಿಲ್ಲ. ಸರೋಜ ಮಾತ್ರ ತಲೆ ತಲೆ ಚಚ್ಚಿಕೊಂಡು ತರಕಾರಿ ತರದೆಯೇ ಮನೆಗೆ ನಡೆದಳು.

ಎರಡು ದಿನ ಬಿಟ್ಟು ನೋಟಿಸ್ ಬೋರ್ಡಿನಲ್ಲಿ ಹೆಸರು ಹಾಕಿದರು. ರತ್ನ.

ಯಾಕೆ ರತ್ನ, ಯಾಕೆ ಸುಜಾತ ಅಲ್ಲ ಎಂದು ಯಾರೂ ಹೇಳಲಿಲ್ಲ. ನೋಟಿಸ್ ಬೋರ್ಡುಗಳು ಕಾರಣ ಹೇಳುವುದಿಲ್ಲ. ಸುಜಾತ ಆ ಸಂಜೆ ಬಸ್ಸಿಳಿದವಳು ತನ್ನ ಮನೆಗೆ ಹೋಗಲಿಲ್ಲ. ನೇರ ನಮ್ಮ ಅಡುಗೆಮನೆಗೆ ಬಂದು ಮೂಲೆಯಲ್ಲಿ ಕೂತಳು. ಸರೋಜ ಮೊದಲು ತಂಗಿಯನ್ನು ಬೈದಳು, ರತ್ನಳನ್ನು ಬೈದಳು, ಕಾರ್ಖಾನೆಯನ್ನು ಬೈದಳು, ಇಂಗ್ಲಿಷನ್ನು ಬೈದಳು, ಕೊನೆಗೆ ಅದನ್ನು ಕಲಿಸಿದ ನನ್ನನ್ನೂ ಬಿಡಲಿಲ್ಲ. ಸುಜಾತ ಸುಮ್ಮನೆ ಅಳುತ್ತಿದ್ದಳು. ನಾನು ಪಕ್ಕದಲ್ಲಿ ಕೂತು, ಕೊಟ್ಟ ಪದಗಳ ಬಗ್ಗೆ ಬೇಜಾರು ಮಾಡಿಕೊಳ್ಳಬೇಡ ಎಂದು ಏನೋ ಹೇಳಹೊರಟೆ.

‘ಪದ ಕೊಟ್ಟಿದ್ದಕ್ಕಲ್ಲ ಭಾವ ಅಳು ಬರ್ತಿರೋದು’ ಎಂದಳು. ‘ಕೊಡ್ದೆ ಇದ್ದಿದ್ರೆ ನಂಗೇ ಸಿಕ್ತಿತ್ತೇನೋ ಅಂತ ಇವತ್ತು ಒಂದ್ಸಲ ಅನ್ಸ್ಬುಡ್ತು. ಬಸ್ಸಲ್ಲಿ ಅವ್ಳ ಪಕ್ದಲ್ಲೇ ಕೂತ್ಕಂಡು ಅನ್ಸ್ತು. ಅದಕ್ಕೇ.’

ನಾನು ಎದ್ದು ಹೋಗಿ ಹಸುವಿಗೆ ಹುಲ್ಲು ಹಾಕಿದೆ.

ಮಾರನೆಯ ದಿನದಿಂದ ಬೆಳಗಿನ ಗೆಟ್ಟು ನಿಂತುಹೋಯಿತು. ಸುಜಾತ ನಮ್ಮ ಜಗಲಿಯ ಮುಂದೆ ನಿಲ್ಲದೆ ಹೋಗುತ್ತಿದ್ದಳು. ನಾನು ನೆಮ್ಮದಿಯಾಗಿ ಹಲ್ಲುಜ್ಜಬಹುದಿತ್ತು, ಆದರೆ ಪೇಸ್ಟು ರುಚಿಸುತ್ತಿರಲಿಲ್ಲ. ಬಸ್ಸಿನಲ್ಲಿ ಇಬ್ಬರೂ ಪಕ್ಕಪಕ್ಕವೇ ಕೂರುತ್ತಾರೆ, ಆದರೆ ಒಬ್ಬಳು ಕಿಟಕಿ ನೋಡುತ್ತಾಳೆ, ಇನ್ನೊಬ್ಬಳು ಮೊಬೈಲು ನೋಡುತ್ತಾಳೆ ಎಂದು ಅದೇ ಬಸ್ಸಿನಲ್ಲಿ ಹೋಗುವ ಒಬ್ಬರು ಹೇಳಿದರು. ರತ್ನಳ ಮಾವನನ್ನು ಹಾಲಿನ ಡೈರಿಯ ಹತ್ತಿರ ಕಂಡಾಗ, ಸೊಸೆ ಈಗ ಕುರಿಗಳ ಜೊತೆ ಕನ್ನಡದಲ್ಲೂ ಮಾತಾಡುತ್ತಿಲ್ಲ ಎಂದರು.

ಭಾನುವಾರ ಬರುತ್ತಿತ್ತು. ರತ್ನಳ ರಾಗಿ ತಡವಾಗಿ ಬಿತ್ತಿದ್ದು, ಅವಳ ಹೊಲದ ಕಳೆ ಈಗ ಬಂದಿತ್ತು. ಸುಜಾತ ಒಂದು ದಿನದ ಮುಯ್ಯಿ ಕೊಡಬೇಕಿತ್ತು. ‘ಹೋಗ್ಬೇಡ, ಆಳು ಕಳ್ಸು’ ಎಂದು ಸರೋಜ ಕಟ್ಟಾಜ್ಞೆ ಮಾಡಿದ್ದಳು. ಭಾನುವಾರ ಬೆಳಿಗ್ಗೆ ಸುಜಾತ ಸೀರೆ ಮೇಲೆ ಗಂಡನ ಹಳೇ ಅಂಗಿ ತೊಟ್ಟು, ತಲೆಗೆ ಬಟ್ಟೆ ಕಟ್ಟಿಕೊಂಡು ನಮ್ಮ ಮನೆಯ ಮುಂದೆ ನಿಂತಳು.

‘ಭಾವ, ಬನ್ನಿ. ನಿಮ್ಮ ಮುಯ್ಯೀನೂ ಐತೆ.’

ನಿಜ. ಅವತ್ತು ರತ್ನ ನನ್ನ ಸಾಲಿನಲ್ಲೂ ಕಿತ್ತಿದ್ದಳಲ್ಲ. ನಾನು ಹಳೇ ಪಂಚೆ ಹುಡುಕಿಕೊಂಡು ಹೊರಟೆ.

ಹೊಲದ ಅಂಚಿನಲ್ಲಿ ರತ್ನ ನಿಂತಿದ್ದಳು. ಸುಜಾತ ಬರುತ್ತಾಳೆಂದು ಅವಳು ನಂಬಿರಲಿಲ್ಲ. ‘ಬಂದಾ’ ಎಂದಳು. ‘ಹೂಂ’ ಎಂದಳು ಸುಜಾತ. ಅಷ್ಟೇ. ಎಲ್ಲರೂ ಸಾಲು ಹಿಡಿದೆವು. ಪಕ್ಕಪಕ್ಕದ ಸಾಲು ಅವರಿಬ್ಬರದೂ, ಅಭ್ಯಾಸದ ಮೇಲೆ ಹಾಗೆ ಕೂತರೋ ಏನೋ. ಆಚೆ ಕೊನೆಯ ಸಾಲು ನನ್ನದು, ಸೌಜನ್ಯಕ್ಕಾಗಿ ಚಿಕ್ಕದನ್ನು ಕೊಟ್ಟಿದ್ದರು.

ಸುಜಾತ ಆ ದಿನ ಕಿತ್ತದ್ದು ಕಳೆಯೋ, ಎದೆಯೊಳಗಿನದೋ, ವೇಗಕ್ಕೆ ಕೈ ಕಾಣುತ್ತಿರಲಿಲ್ಲ. ಯಾರ ಕಡೆಗೂ ತಲೆ ಎತ್ತದೆ ಮುಂದೆ ಮುಂದೆ ಹೋದಳು. ಅಕ್ಕಪಕ್ಕಕ್ಕೆ ಕೈ ಚಾಚಲಿಲ್ಲ. ಮಿಕ್ಕವರು ಅರ್ಧ ಹೊಲದಲ್ಲಿರುವಾಗಲೇ ಅವಳು ಒಬ್ಬಳೇ ಬದು ಮುಟ್ಟಿ ಎದ್ದು ನಿಂತಳು. ಎಲ್ಲ ಹೆಂಗಸರೂ ಕೀಳುವುದನ್ನು ನಿಲ್ಲಿಸಿ ನೋಡಿದರು. ರತ್ನ ಎಲ್ಲರಿಗಿಂತ ಹಿಂದೆ ಇದ್ದಳು. ಅವಳ ಕೈ ಓಡುತ್ತಿರಲಿಲ್ಲ. ತಲೆ ತಗ್ಗಿಸಿ ಒಂದೇ ಕಡೆ ಕೂತಿದ್ದಳು, ಅಳುತ್ತಿದ್ದಳೆಂದು ನನಗೆ ದೂರದಿಂದಲೂ ಗೊತ್ತಾಯಿತು.

ಸುಜಾತ ಬದುವಿನ ಮೇಲೆ ನಿಂತು ಒಂದು ಸಲ ಊರಿನ ಕಡೆ ನೋಡಿದಳು. ಮನೆಗೆ ಹೊರಟುಬಿಡುತ್ತಾಳೇನೋ ಅಂದುಕೊಂಡೆ. ಅವಳ ಪಾಲಿನ ಸಾಲು ಮುಗಿದು ಮುಯ್ಯಿ ಲೆಕ್ಕಕ್ಕೆ ತೀರಿತ್ತು. ಆಮೇಲೆ ಅವಳು ಸೆರಗು ಸಿಕ್ಕಿಸಿಕೊಂಡು ಬಗ್ಗಿದಳು. ರತ್ನಳ ಸಾಲಿನ ಆ ತುದಿ ಹಿಡಿದು, ಎದುರುಗಡೆಯಿಂದ ಕಳೆ ಕೀಳುತ್ತಾ ರತ್ನಳ ಕಡೆಗೆ ಬರತೊಡಗಿದಳು.

ನಾನು ನನ್ನ ಕಳೆ ಬಿಟ್ಟು ನೋಡುತ್ತಿದ್ದೆ. ರತ್ನ ತಲೆ ಎತ್ತಿದಳು. ಮೂಗು ಒರೆಸಿಕೊಂಡು ಅವಳೂ ಕೀಳಲು ಶುರು ಮಾಡಿದಳು. ಇಬ್ಬರೂ ಸಾಲಿನ ಒಂದೊಂದು ಕಡೆಯಿಂದ ಬರುತ್ತಾ ನಡುವೆ ಇದ್ದ ಕಳೆ ಕಡಮೆಯಾಗುತ್ತಾ ಬಂತು. ಕೊನೆಗೆ ಒಂದು ಹಿಡಿ ಹುಲ್ಲು ಮಾತ್ರ ಉಳಿಯಿತು. ಅದಕ್ಕೆ ಇಬ್ಬರೂ ಒಟ್ಟಿಗೇ ಕೈ ಹಾಕಿದರು.

‘ಲೀಡರಮ್ಮ, ಕೈ ತೆಗಿ’ ಎಂದಳು ಸುಜಾತ.

‘ನೀನೇ ತೆಗಿ. ನಿಂದೇ ಜಾಗ ಕಣೇ ಅದು’ ಎಂದಳು ರತ್ನ. ಕಳೆಯ ಮಾತಲ್ಲ ಅದು ಎಂದು ಎಲ್ಲರಿಗೂ ತಿಳಿಯಿತು.

‘ಬುಡು, ಮುಂದಿನ್ಸಲ ನಂಗೆ ಕೊಡ್ಸುವಂತೆ. ಮುಯ್ಯಿ ಐತಲ್ಲ’ ಎಂದು ಸುಜಾತ ಹುಲ್ಲನ್ನು ಬೇರು ಸಹಿತ ಕಿತ್ತು ಆಚೆಗೆಸೆದಳು. ರತ್ನ ಮಣ್ಣು ಕೈಯಲ್ಲೇ ಅವಳ ಭುಜ ಹಿಡಿದುಕೊಂಡಳು. ಇಬ್ಬರೂ ಅತ್ತರು, ನಕ್ಕರು. ಇದರಲ್ಲಿ ಯಾವುದು ಮೊದಲು ಎಂದು ಹೇಳುವುದಕ್ಕೆ ನನಗೆ ಆಗುವುದಿಲ್ಲ, ನನ್ನ ಕನ್ನಡಕ ಮಂಜಾಗಿತ್ತು.

ಇಂಗ್ಲಿಷರ ಮೇಲೆ ನನ್ನ ಗೌರವ ಇವತ್ತಿಗೂ ಕಡಮೆಯಾಗಿಲ್ಲ. ಒಂದು ಪುಟ್ಟ ಪದಕ್ಕೆ ಇಷ್ಟು ಜನ ಜೊತೆಗಾರರನ್ನು ಗಂಟುಹಾಕಿ ಬದುಕಿನ ಎಲ್ಲ ಕೆಲಸಕ್ಕೂ ಓಡಾಡಿಸುತ್ತಾರಲ್ಲ, ಅದು ಸಣ್ಣ ಜಾಣತನವಲ್ಲ. ಒಂಟಿ ಗೆಟ್ಟು ಎಷ್ಟು ದೂರ ಹೋದೀತು? ಪಕ್ಕದವರು ಕೈ ಚಾಚಿದರೆ ತಾನೆ ಅದು ಎಲ್ಲಿಗಾದರೂ ಮುಟ್ಟುವುದು. ನನ್ನ ಸಾಲಿನ ನಟ್ಟನಡುವೆ ಕುಕ್ಕರುಗಾಲಲ್ಲಿ ಕೂತು ಇಂಥದ್ದೇನೋ ದೊಡ್ಡ ವಿಚಾರ ಮಾಡುತ್ತಿದ್ದೆ. ಅಷ್ಟರಲ್ಲಿ ಎದುರಿನಿಂದ ಕಳೆ ಕೀಳುವ ಸದ್ದು ಕೇಳಿಸಿತು. ಸುಜಾತ, ರತ್ನ ಇಬ್ಬರೂ ನನ್ನ ಸಾಲಿಗೆ ಇಳಿದು ನನ್ನ ಕಡೆಗೇ ಬರುತ್ತಿದ್ದರು.

‘ಮೇಷ್ಟ್ರೇ, ನೀವು ಹೋಗಿ ಬದುವಿನ ಮೇಲೆ ಕೂತ್ಕಳಿ. ಪೈರನ್ನೇ ಕಿತ್ತಾಕ್ತಿದ್ದೀರಿ’ ಎಂದಳು ರತ್ನ.

‘ಅಲ್ಲೇ ಕೂತ್ಕಂಡು ಪದ ಯೋಳಿ ಭಾವ. ಗೆಟ್ಟೆಲ್ಲ ಆಯ್ತು, ಹೊಸ್ದು ತೆಗೀರಿ. ಇಬ್ರೂ ಕೇಳುಸ್ಕತೀವಿ’ ಎಂದಳು ಸುಜಾತ.

ನಾನು ಸೊಂಟ ಹಿಡಿದುಕೊಂಡು ಎದ್ದೆ. ಬದುವಿನ ಮೇಲೆ ಹೋಗಿ ಕೂತು, ಗಂಟಲು ಸರಿ ಮಾಡಿಕೊಂಡು, ಹೊಲಕ್ಕೆಲ್ಲ ಕೇಳುವಂತೆ ‘ಟೇಕ್’ ಅಂದೆ. ಸಾಲುಗಳಲ್ಲಿದ್ದ ಎಲ್ಲರಿಂದ ಒಟ್ಟಿಗೇ ‘ಟೇಕ್’ ಎಂದು ತಿರುಗಿ ಬಂತು. ಇಷ್ಟು ವರ್ಷ ಪಾಠ ಹೇಳಿದ್ದರಲ್ಲಿ ನನ್ನ ಕ್ಲಾಸಿನಲ್ಲಿ ಯಾರೂ ಹಿಂದೆ ಉಳಿಯದೇ ಇದ್ದದ್ದು ಅದೇ ಮೊದಲು.